ಕ್ಲೇ ಶೂಟಿಂಗ್‌ಗೆ ಮೊದಲ ಕೋವಿ: ಕಂಪನಿಗಿಂತ ಮೈಯಳತೆ ಮುಖ್ಯ

ಕ್ಲೇ ಶೂಟಿಂಗ್, ಅಂದರೆ ಯಂತ್ರ ಎಸೆದ ಹಾರುವ ತಟ್ಟೆಗೆ ಗುರಿಯಿಡಲು ಕಲಿಯುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯ ಕೋವಿ ಕೊಳ್ಳಬೇಕೆಂದು. ಬೆರೆಟ್ಟಾ, ಬ್ರೌನಿಂಗ್, ಪೆರಾಜಿ ಎಲ್ಲವೂ ಒಳ್ಳೆಯವೇ. ಆದರೆ ಕೊಳ್ಳುವವರ ಕತ್ತು, ಕೆನ್ನೆ, ತೋಳುಗಳಿಗೆ ಹೊಂದದ ಕೋವಿ ಎಷ್ಟೇ ದುಬಾರಿಯಾದರೂ ಪ್ರಯೋಜನಕ್ಕೆ ಬಾರದು.

ರೈಫಲ್ಲಿಗಿರುವಂತೆ ಚರೆ ಹಾರಿಸುವ ಕೋವಿಗೆ ಹಿಂಬದಿಯ ಗುರಿಕಿಂಡಿ ಇರುವುದಿಲ್ಲ, ಆ ಜಾಗದ ಕೆಲಸವನ್ನು ಹಾರಿಸುವವರ ಕಣ್ಣೇ ಮಾಡಬೇಕು. ಟ್ರ್ಯಾಪ್ ಸ್ಪರ್ಧೆಯಲ್ಲಿ 11 ಸೆಂ.ಮೀ. ಅಗಲದ ತಟ್ಟೆ ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿರುವಾಗ ನಳಿಗೆಯನ್ನು ನೋಡಿ ಸರಿಪಡಿಸಲು ಸಮಯವೇ ಇರುವುದಿಲ್ಲ. ಕಣ್ಣು ತಟ್ಟೆಯ ಮೇಲಿರಬೇಕು, ನಳಿಗೆ ತಾನಾಗಿ ಕಣ್ಣನ್ನು ಹಿಂಬಾಲಿಸಬೇಕು. ಹಿಡಿಯಲ್ಲಿ ಕೆನ್ನೆ ಊರುವ ಭಾಗ ತಗ್ಗಾಗಿದ್ದರೆ ಕೋವಿಯ ಹಿಂಭಾಗವೇ ನೋಟಕ್ಕೆ ಅಡ್ಡ ಬರುತ್ತದೆಂದು ತಲೆ ಎತ್ತುತ್ತೇವೆ, ಆಗ ಚರೆ ತಟ್ಟೆಯ ಮೇಲೆ ಹಾದುಹೋಗುತ್ತದೆ. ಅಂಗಡಿಯಲ್ಲಿ ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ನಂತರ ಕಣ್ಣು ತೆರೆಯಿರಿ. ನಳಿಗೆಯ ಮೇಲಿನ ಪಟ್ಟಿ ನೇರವಾಗಿ, ತುಸುವೇ ಕಾಣುವಂತಿದ್ದರೆ ಅಳತೆ ಹತ್ತಿರವಾಗಿದೆ. ಇಡೀ ಆಯ್ಕೆಯಲ್ಲಿ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿಲ್ಲ.

ಇದಕ್ಕೂ ಮೊದಲು ನಿಮ್ಮ ಯಾವ ಕಣ್ಣು ಪ್ರಬಲವೆಂದು ತಿಳಿದುಕೊಳ್ಳಿ. ಎರಡೂ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ತೋಳು ಚಾಚಿ, ಅದರಿಂದ ದೂರದ ವಸ್ತುವೊಂದನ್ನು ನೋಡುತ್ತ ಒಂದೊಂದೇ ಕಣ್ಣು ಮುಚ್ಚಿದರೆ ಗೊತ್ತಾಗುತ್ತದೆ. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿದ್ದರೆ ಎಡ ಭುಜದಿಂದ ಹಾರಿಸುವುದನ್ನು ಕಲಿಯಬೇಕೆ ಎಂಬುದು ಕೊಳ್ಳುವ ಮುನ್ನವೇ ತೀರ್ಮಾನವಾಗಬೇಕು. ಹಿಡಿಯ ಬಾಗು ಎಡಕ್ಕೆ ಬೇರೆ, ಬಲಕ್ಕೆ ಬೇರೆ.

ಆರಂಭಿಕರಿಗೆ ನಾನು ಸೂಚಿಸುವುದು ನಳಿಗೆಗಳು ಒಂದರ ಮೇಲೊಂದಿರುವ 12 ಬೋರಿನ ಕೋವಿಯನ್ನು, 28 ಅಥವಾ 30 ಇಂಚಿನ ನಳಿಗೆ, ಸುಮಾರು ಮೂರೂವರೆ ಕಿಲೋ ತೂಕ. ತೆಳು ಮೈಕಟ್ಟಿನವರಿಗೆ, ಅದರಲ್ಲೂ ಮಹಿಳೆಯರಿಗೆ, ನಳಿಗೆ ಇನ್ನೂ ಕಿರಿದಾದ, ಹಗುರವಾದ 20 ಬೋರ್ ಸಾಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಷ್ಟೇ ಚರೆಯ ತೋಟೆ ಹಾಕಿದಾಗ ಹಗುರ ಕೋವಿ ಭುಜಕ್ಕೆ ಹೆಚ್ಚು ಒದೆಯುತ್ತದೆ, ಚರೆ ಕಡಿಮೆ ಮಾಡಿದರೆ ತಟ್ಟೆ ತಪ್ಪುವ ಸಂಭವ ಹೆಚ್ಚುತ್ತದೆ. 12 ಬೋರಿನಲ್ಲೇ 24 ಗ್ರಾಂ ಚರೆಯ ತೋಟೆ ಬಳಸುವುದು ಮೇಲು. ಒಲಿಂಪಿಕ್ಸ್‌ನಲ್ಲಿ ಹಾರಿಸುವುದೂ ಅದನ್ನೇ.

ಕೊಡಗಿನಿಂದ ಬರುವ ಯುವಕರು ಮನೆಯ ಜೋಡುನಳಿಗೆ ಕೋವಿ ಸಾಲದೇ ಎಂದು ಕೇಳುವುದು ಸಹಜ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಅಲ್ಲಿ ಕೋವಿ ಮನೆಮಂದಿಯಷ್ಟೇ ಆಪ್ತ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಬೆಳೆದವರ ಗುರಿಯೂ ಚೆನ್ನಾಗಿರುತ್ತದೆ. ಆದರೆ ಕಾಯಿ ಕದಲದೆ ನಿಂತಿರುತ್ತದೆ, ತಟ್ಟೆ ಹಾರುತ್ತದೆ. ಹೆಗಲಿಗೆ ಹಾಕಿಕೊಂಡು ದಿನವಿಡೀ ತೋಟ ಸುತ್ತಲೆಂದು ಮಾಡಿದ ಹಗುರ ಕೋವಿಯನ್ನು ತಟ್ಟೆಯ ಜೊತೆಗೆ ತಿರುಗಿಸುತ್ತ ಹೋದಾಗ ಕುದುರೆ (ಟ್ರಿಗರ್) ಎಳೆಯುವ ಕ್ಷಣಕ್ಕೆ ಕೈ ನಿಂತುಬಿಡುತ್ತದೆ. ಭಾರವಾದ ಉದ್ದ ನಳಿಗೆ ತನ್ನ ಓಟವನ್ನು ತಾನೇ ಮುಂದುವರಿಸುತ್ತದೆ. ಕಲಿಕೆಯ ಮೊದಲ ದಿನಗಳಿಗೆ ಮನೆಯ ಕೋವಿ ಸಾಕು, ನೂರು ತಟ್ಟೆಗಳ ಅಭ್ಯಾಸಕ್ಕೆ ಸಾಲದು.

ಚರೆಯ ಹರಡುವಿಕೆಯನ್ನು ನಿಯಂತ್ರಿಸುವ ಚೋಕ್ ಬದಲಿಸಬಹುದಾದ ಕೋವಿಯನ್ನೇ ಆರಿಸಿ. ತಟ್ಟೆ ಹತ್ತಿರದಲ್ಲೇ ಅಡ್ಡ ಹಾಯುವ ಸ್ಕೀಟ್ ಸ್ಪರ್ಧೆಗೆ ಸಡಿಲವಾದದ್ದು, ಟ್ರ್ಯಾಪ್‌ಗೆ ಬಿಗಿಯಾದದ್ದು ಬೇಕು.

ಹಳೆಯ ಕೋವಿ ಕೊಳ್ಳುವುದರಲ್ಲಿ ತಪ್ಪಿಲ್ಲ. ನಳಿಗೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ಒಳಗೆ ತಗ್ಗು, ತುಕ್ಕು ಇದೆಯೇ ನೋಡಿ. ಅವನ್ನು ತೂಗುಹಾಕಿ ಮೆಲ್ಲಗೆ ತಟ್ಟಿದಾಗ ಸ್ವಚ್ಛವಾದ ನಾದ ಬಾರದೆ ಮಂದ ಸದ್ದು ಬಂದರೆ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ಮುಂದಿನ ಕೈ ಹಿಡಿಯುವ ಮರದ ಭಾಗವನ್ನು ತೆಗೆದು ಕೋವಿಯನ್ನು ಅಲುಗಿಸಿದಾಗ ಕೀಲಿನಲ್ಲಿ ಆಡುವಿಕೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನಿ.