ಉಂಗುರದ ಸೀಳು, ಖಣದ ನೇಯ್ಗೆ: ಮೆಟಾಮೆಟೀರಿಯಲ್ ಕುರಿತ ಅಧ್ಯಯನ ಟಿಪ್ಪಣಿ

ಗುಳೇದಗುಡ್ಡದ ಖಣವನ್ನು ಕಣ್ಣಿಗೆ ಹತ್ತಿರ ಹಿಡಿದರೆ ಒಂದೇ ಬುಟ್ಟಾ ಸಾಲುಸಾಲಾಗಿ ಮರುಕಳಿಸುವುದು ಕಾಣುತ್ತದೆ. ಬೀದಿಯ ಆಚೆ ಬದಿಯಿಂದ ನೋಡಿದರೆ ಬುಟ್ಟಾ ಕರಗಿಹೋಗಿ ಒಂದು ಬಣ್ಣ, ಒಂದು ಹೊಳಪು ಮಾತ್ರ ಉಳಿಯುತ್ತದೆ. ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನಗೆ ಮೆಟಾಮೆಟೀರಿಯಲ್ ಪಾಠ ತಲೆಗೆ ಹತ್ತಿದ್ದು ಅವ್ವನ ಖಣದ ಕುಪ್ಪಸವನ್ನು ಹೀಗೆ ಎರಡು ದೂರದಿಂದ ನೋಡಿದ ಮೇಲೆ. ಅದೇ ದಾರಿಯಲ್ಲಿ ಈ ಟಿಪ್ಪಣಿ ಬರೆಯುತ್ತಿದ್ದೇನೆ.

10 ಗಿಗಾಹರ್ಟ್ಸ್ ಆವೃತ್ತಿಯ ಮೈಕ್ರೋವೇವ್‌ನ ತರಂಗಾಂತರ 3 ಸೆಂಟಿಮೀಟರ್. ಅದರ ದಾರಿಯಲ್ಲಿ 5 ಮಿಲಿಮೀಟರ್‌ಗೊಂದರಂತೆ ತಾಮ್ರದ ಸಣ್ಣ ಆಕೃತಿಗಳನ್ನು ಜೋಡಿಸಿದರೆ ಅಲೆಗೆ ಅವು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಬುಟ್ಟಾ ಕರಗಿದಂತೆ ಅವೆಲ್ಲ ಸೇರಿ ಒಂದೇ ವಸ್ತುವಾಗುತ್ತವೆ. ಇಂಥ ವಸ್ತುವೇ ಮೆಟಾಮೆಟೀರಿಯಲ್. ಆ ವಸ್ತುವಿಗೆ ತನ್ನದೇ ಆದ ಪರ್ಮಿಟಿವಿಟಿ (ಎಪ್ಸಿಲಾನ್) ಮತ್ತು ಪರ್ಮಿಯಬಿಲಿಟಿ (ಮ್ಯೂ) ಇರುತ್ತವೆ. ಮೊದಲನೆಯದು ವಿದ್ಯುತ್ ಕ್ಷೇತ್ರಕ್ಕೆ, ಎರಡನೆಯದು ಕಾಂತ ಕ್ಷೇತ್ರಕ್ಕೆ ವಸ್ತು ಕೊಡುವ ಉತ್ತರ. ಆ ಉತ್ತರವನ್ನು ಇಲ್ಲಿ ನಿರ್ಧರಿಸುವುದು ಮುಖ್ಯವಾಗಿ ತಾಮ್ರದ ಆಕಾರ. ಈ ವಿಚಾರದ ಬೇರು ನಮ್ಮ ದೇಶದಲ್ಲಿಯೂ ಇದೆ. ಜಗದೀಶಚಂದ್ರ ಬೋಸರು 1898ರಲ್ಲಿ ಸೆಣಬಿನ ನಾರನ್ನು ಹೊಸೆದು ಅದರ ಮೂಲಕ ಮೈಕ್ರೋವೇವ್ ಹಾಯಿಸಿ, ಅಲೆಯ ಧ್ರುವೀಕರಣದ ತಲ (ಅದರ ವಿದ್ಯುತ್ ಕ್ಷೇತ್ರ ಕಂಪಿಸುವ ತಲ) ತಿರುಗುವುದನ್ನು ತೋರಿಸಿದರು. ಬಲಕ್ಕೆ ಹೊಸೆದರೆ ಒಂದು ಕಡೆ, ಎಡಕ್ಕೆ ಹೊಸೆದರೆ ಇನ್ನೊಂದು ಕಡೆ. ನಾರು ಅದೇ, ಹೊಸೆತ ಮಾತ್ರ ಬೇರೆ.

1967ರಲ್ಲಿ ಸೋವಿಯತ್ ಭೌತವಿಜ್ಞಾನಿ ವಿಕ್ಟರ್ ವೆಸೆಲಾಗೊ ಒಂದು ಪ್ರಶ್ನೆ ಎತ್ತಿದರು: ಎಪ್ಸಿಲಾನ್, ಮ್ಯೂ ಎರಡೂ ಒಟ್ಟಿಗೆ ಋಣ ಸಂಖ್ಯೆಯಾದರೆ ಏನಾಗುತ್ತದೆ? ಮ್ಯಾಕ್ಸ್‌ವೆಲ್ ಸಮೀಕರಣಗಳು ಇದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಶಕ್ತಿ ಮುಂದಕ್ಕೆ ಹರಿಯುವಾಗ ಅಲೆಯ ಶಿಖರಗಳು ಹಿಂದಕ್ಕೆ ಸರಿಯುತ್ತವೆ, ವಕ್ರೀಭವನದಲ್ಲಿ ಕಿರಣ ಲಂಬರೇಖೆಯ ತಪ್ಪು ಬದಿಗೆ ಬಾಗುತ್ತದೆ. ಅಂಥ ವಸ್ತು ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಲೆಕ್ಕ ಮೂವತ್ತು ವರ್ಷ ಕಾಗದದಲ್ಲೇ ಉಳಿಯಿತು.

ದಾರಿ ತೆರೆದವರು ಲಂಡನ್ನಿನ ಭೌತವಿಜ್ಞಾನಿ ಜಾನ್ ಪೆಂಡ್ರಿ. ಲೋಹಗಳ ಎಪ್ಸಿಲಾನ್ ಬೆಳಕಿನ ಆವೃತ್ತಿಗಳಲ್ಲಿ ಹೇಗೂ ಋಣವೇ. ತೆಳು ತಂತಿಗಳನ್ನು ಅಂತರ ಬಿಟ್ಟು ನಿಲ್ಲಿಸಿದರೆ ಅದೇ ಗುಣವನ್ನು ಮೈಕ್ರೋವೇವ್‌ವರೆಗೆ ಇಳಿಸಬಹುದೆಂದು ಅವರು ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಮ್ಯೂಗಾಗಿ 1999ರಲ್ಲಿ ಬಂದದ್ದು ಸೀಳುಂಗುರ, ಅಂದರೆ ಒಂದು ಕಡೆ ಸೀಳು ಬಿಟ್ಟ ಲೋಹದ ಉಂಗುರ. ಇದನ್ನು ಅವಸರವಿಲ್ಲದೆ ನೋಡೋಣ.

ಉಂಗುರದ ಒಳಗೆ ಕಾಂತ ಕ್ಷೇತ್ರ ಬದಲಾಗುತ್ತಿದ್ದರೆ ಉಂಗುರದಲ್ಲಿ ವಿದ್ಯುತ್ ಹರಿಯುತ್ತದೆ. ಸೀಳು ಇರುವುದರಿಂದ ಅದು ಸುತ್ತು ಮುಗಿಸಲಾರದು. ಸೀಳಿನ ಎರಡೂ ದಡದಲ್ಲಿ ಆವೇಶ ಶೇಖರವಾಗುತ್ತದೆ. ಉಂಗುರ ಇಂಡಕ್ಟರ್, ಸೀಳು ಕೆಪ್ಯಾಸಿಟರ್. ಎರಡೂ ಸೇರಿದಲ್ಲಿ ಅನುರಣನ ಇದ್ದೇ ಇರುತ್ತದೆ. ಪಂಚಮಿಯ ಜೋಕಾಲಿಗೆ ತನ್ನದೊಂದು ಲಯವಿರುವಂತೆ ಉಂಗುರಕ್ಕೂ ಒಂದು ಆವೃತ್ತಿ ಇದೆ. ಋಣ ಚಿಹ್ನೆ ಎಲ್ಲಿಂದ ಬಂತು ಎಂದು ತಿಳಿಯಲು ದಾರಕ್ಕೆ ಒಂದು ಬೀಗದ ಕೈ ಕಟ್ಟಿ ತೂಗಿಸಿ. ಕೈಯನ್ನು ನಿಧಾನವಾಗಿ ಅತ್ತಿತ್ತ ಆಡಿಸಿದರೆ ಬೀಗದ ಕೈ ನಿಮ್ಮ ಜೊತೆಗೇ ಬರುತ್ತದೆ. ಅದರ ಲಯಕ್ಕಿಂತ ಬೇಗ ಆಡಿಸಿದರೆ ನೀವು ಎಡಕ್ಕೆ ಹೋದಾಗ ಅದು ಬಲಕ್ಕೆ ಹೋಗುತ್ತದೆ. ಉಂಗುರವೂ ಹಾಗೆಯೇ: ಅನುರಣನಕ್ಕಿಂತ ತುಸು ಮೇಲಿನ ಆವೃತ್ತಿಯಲ್ಲಿ ಅದರ ಕಾಂತೀಯ ಉತ್ತರ ಬಂದ ಕ್ಷೇತ್ರಕ್ಕೆ ಎದುರಾಗುತ್ತದೆ. ಆ ಎದುರು ಸಾಕಷ್ಟು ಬಲವಾಗಿದ್ದರೆ ಮ್ಯೂ ಸೊನ್ನೆಗಿಂತ ಕೆಳಗಿಳಿಯುತ್ತದೆ, ಅದೂ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ.

2000ನೇ ಇಸವಿಯಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಮಿತ್, ಶೆಲ್ಡನ್ ಶುಲ್ಟ್ಸ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ನನಗೆ ಬಹಳ ಪ್ರಿಯ. ಬರೀ ಉಂಗುರಗಳನ್ನು ಇಟ್ಟರು: 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಅಲೆ ದಾಟಲಿಲ್ಲ. ಬರೀ ತಂತಿಗಳೂ ಆ ಅಲೆಗೆ ಗೋಡೆಯೇ. ಎರಡನ್ನೂ ಒಟ್ಟಿಗೆ ಇಟ್ಟರು: ಅದೇ ಪಟ್ಟಿಯಲ್ಲಿ ಅಲೆ ದಾಟಿತು! ವಕ್ರೀಭವನ ಸೂಚ್ಯಂಕದ (ಕಿರಣ ಎಷ್ಟು ಬಾಗುತ್ತದೆ ಎಂದು ಹೇಳುವ ಸಂಖ್ಯೆಯ) ವರ್ಗ ಎಂದರೆ ಎಪ್ಸಿಲಾನ್ ಮತ್ತು ಮ್ಯೂಗಳ ಗುಣಲಬ್ಧ. ಒಂದು ಮಾತ್ರ ಋಣವಾದರೆ ವರ್ಗಮೂಲ ಕಾಲ್ಪನಿಕ ಸಂಖ್ಯೆಯಾಗಿ ಅಲೆ ಒಳಗೇ ಸಾಯುತ್ತದೆ. ಎರಡೂ ಋಣವಾದರೆ ಗುಣಲಬ್ಧ ಧನ, ಅಲೆಗೆ ದಾರಿ. ಎರಡು ಗೋಡೆಗಳು ಸೇರಿ ಬಾಗಿಲಾದವು.

ಇಲ್ಲಿ ನಿಂತು ಯೋಚಿಸಬೇಕು. ವರ್ಗಮೂಲಕ್ಕೆ ಎರಡು ಚಿಹ್ನೆಗಳಿವೆ. ಅಲೆ ದಾಟಿತು ಎಂಬುದರಿಂದಷ್ಟೇ ಸೂಚ್ಯಂಕ ಧನವೋ ಋಣವೋ ತಿಳಿಯದು. ಅದಕ್ಕೆ ಕಿರಣ ಯಾವ ಕಡೆ ಬಾಗಿತು ಎಂದು ಅಳೆಯಲೇಬೇಕು. 2001ರಲ್ಲಿ ಶೆಲ್ಬಿ, ಸ್ಮಿತ್, ಶುಲ್ಟ್ಸ್ ಅದನ್ನೇ ಮಾಡಿದರು. ಉಂಗುರ ಮತ್ತು ತಂತಿಗಳಿದ್ದ ಹಲಗೆಗಳನ್ನು ಹೆಣೆದು ಬೆಣೆಯಾಕಾರದ ಪಟ್ಟಕ ಮಾಡಿ, ಎರಡು ಅಲ್ಯೂಮಿನಿಯಂ ತಟ್ಟೆಗಳ ನಡುವೆ ಇಟ್ಟು, 10.5 ಗಿಗಾಹರ್ಟ್ಸ್ ಅಲೆ ಹಾಯಿಸಿ, ಡಿಟೆಕ್ಟರನ್ನು ಸುತ್ತಲೂ ತಿರುಗಿಸಿದರು. ಬೆಣೆಯ ಕೋನ 18.43 ಡಿಗ್ರಿ. ಮೂರು ಕೋಶಕ್ಕೆ ಒಂದು ಮೆಟ್ಟಿಲು ಹತ್ತಿದರೆ ಬರುವ ಕೋನ ಇದೇ, ಕ್ಯಾಲ್ಕುಲೇಟರಿನಲ್ಲಿ ನೋಡಿಕೊಳ್ಳಿ. ಹೋಲಿಕೆಗಾಗಿ ಇಟ್ಟ ಟೆಫ್ಲಾನ್ ಬೆಣೆಯಲ್ಲಿ ಕಿರಣ 27 ಡಿಗ್ರಿಗೆ ಹೊರಬಂತು. ಮೆಟಾಮೆಟೀರಿಯಲ್ ಬೆಣೆಯಲ್ಲಿ ಅದು ಲಂಬರೇಖೆಯ ಇನ್ನೊಂದು ಬದಿಯಲ್ಲಿ, ಋಣ 61 ಡಿಗ್ರಿಯಲ್ಲಿ ಸಿಕ್ಕಿತು. ಸೈನ್ 61 ಎಂದರೆ 0.875, ಸೈನ್ 18.43 ಎಂದರೆ 0.316. ಭಾಗಿಸಿ ನೋಡಿದರೆ ಅವರು ವರದಿ ಮಾಡಿದ ಋಣ 2.7ರ ಹತ್ತಿರಕ್ಕೇ ಬರುತ್ತೀರಿ. ಟೆಫ್ಲಾನ್‌ಗೆ ಧನ 1.4. ಪಠ್ಯದಲ್ಲಿ ಓದಿದ ಸ್ನೆಲ್ ನಿಯಮ, ಒಂದು ಋಣ ಚಿಹ್ನೆಯ ಹೊರತು, ಹಾಗೆಯೇ ನಿಂತಿದೆ.

ಎಲ್ಲರೂ ಒಪ್ಪಲಿಲ್ಲ. ಬೆಣೆಯ ದಪ್ಪ ತುದಿಯಲ್ಲಿ ನಷ್ಟ ಹೆಚ್ಚು, ತೆಳು ತುದಿಯಲ್ಲಿ ಕಡಿಮೆ. ಡಿಟೆಕ್ಟರ್ ಬೆಣೆಗೆ ತೀರ ಹತ್ತಿರವಿದ್ದರೆ ಈ ಅಸಮತೆಯೇ ಬಾಗಿದಂತೆ ಕಾಣಿಸಬಹುದು ಎಂಬ ಆಕ್ಷೇಪ ಬಂತು. ಅದು ಸರಿಯಾದ ಆಕ್ಷೇಪವೆಂದೇ ನನ್ನ ಅಭಿಪ್ರಾಯ. ಉತ್ತರವೂ ಪ್ರಯೋಗದಿಂದಲೇ ಬಂತು: 2003ರಲ್ಲಿ ಎಂ.ಐ.ಟಿ.ಯ ಹೌಕ್ ತಂಡ ಮತ್ತು ಬೋಯಿಂಗ್‌ನ ಪರಾಜೋಲಿ ತಂಡ ಬೇರೆಬೇರೆ ದೂರದಲ್ಲಿ ಅಳೆದು ಕಿರಣ ಋಣ ಬದಿಗೇ ಹೋಗುವುದನ್ನು ತೋರಿಸಿದವು. 2006ರ ಮೈಕ್ರೋವೇವ್ ಮರೆವಸ್ತ್ರದ (ಒಳಗಿನ ವಸ್ತುವನ್ನು ಅಲೆಗೆ ಕಾಣದಂತೆ ಮಾಡುವ ಹೊದಿಕೆಯ) ಸುದ್ದಿಯನ್ನು ನೀವು ಕೇಳಿಯೇ ಇರುತ್ತೀರಿ. ಪರೀಕ್ಷೆಗೆ ಮಾತ್ರ ಈ ಬೆಣೆಯನ್ನೇ ಚೆನ್ನಾಗಿ ಓದಿಕೊಳ್ಳಿ.

ಇನ್ನು ನಮ್ಮ ಪ್ರಯೋಗಾಲಯದ ಮಾತು. ಗನ್ ಆಸಿಲೇಟರ್ (ಮೈಕ್ರೋವೇವ್ ಹುಟ್ಟಿಸುವ ಸಾಧನ) ಇರುವ ಎಕ್ಸ್ ಬ್ಯಾಂಡ್ (10 ಗಿಗಾಹರ್ಟ್ಸ್ ಆಸುಪಾಸಿನ ಪಟ್ಟಿ) ಬೆಂಚಿನಲ್ಲಿ ನಾವು ಮೂವರು ಗೆಳೆಯರು ಉಂಗುರವನ್ನು ಪರೀಕ್ಷಿಸಿದೆವು. ತಾಮ್ರ ಹೊದಿಸಿದ ಗ್ಲಾಸ್ ಎಪಾಕ್ಸಿ ಹಲಗೆಯ ಮೇಲೆ ಗೀರಿ, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ಮಾಡಿದ ಉಂಗುರ ಅದು. ಮೊದಲ ದಿನ ಹಲಗೆಯನ್ನು ವೇವ್‌ಗೈಡಿಗೆ (ಅಲೆಯನ್ನು ಒಯ್ಯುವ ಟೊಳ್ಳು ಲೋಹದ ಕೊಳವೆಗೆ) ಬಾಗಿಲು ಹಾಕಿದಂತೆ ಅಡ್ಡ ನಿಲ್ಲಿಸಿದ್ದೆವು. ಹಾಗೆ ಇಟ್ಟರೆ ಕಾಂತ ಕ್ಷೇತ್ರ ಉಂಗುರದ ಒಳಗೆ ಹಾಯುವುದೇ ಇಲ್ಲ. ಗೈಡಿನ ಉದ್ದಕ್ಕೆ, ಅಗಲದ ನಟ್ಟನಡುವೆ ಗೋಡೆಯಂತೆ ನಿಲ್ಲಿಸಿದಾಗ ಮೀಟರಿನ ಮುಳ್ಳು ಒಂದು ಆವೃತ್ತಿಯಲ್ಲಿ ಕುಸಿಯಿತು. ನಾವು ಮೂವರೂ ಒಂದು ಕ್ಷಣ ಮಾತಾಡಲಿಲ್ಲ.

ಆದರೆ ಕುಸಿತ ನಮ್ಮ ಲೆಕ್ಕಕ್ಕಿಂತ ಕೆಳಗಿನ ಆವೃತ್ತಿಯಲ್ಲಿತ್ತು. ಹಲಗೆಯ ಪರ್ಮಿಟಿವಿಟಿ ಸುಮಾರು 4.4, ಸೀಳಿನ ಕೆಪ್ಯಾಸಿಟನ್ಸ್ ಅದರಿಂದ ಹೆಚ್ಚುವುದನ್ನು ಮರೆತಿದ್ದೆವು. ಎರಡನೇ ಹಲಗೆಯನ್ನು ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದರಿಂದ ಸೀಳು ಅಗಲವಾಯಿತು, ಕೆಪ್ಯಾಸಿಟನ್ಸ್ ಇಳಿದು ಕುಸಿತ ಮೇಲಿನ ಆವೃತ್ತಿಗೆ ಸರಿಯಿತು. ದ್ರಾವಣದಿಂದ ತೆಗೆದ ಕೂಡಲೇ ನೀರಿನಲ್ಲಿ ತೊಳೆದು, ಭೂತಗನ್ನಡಿಯಲ್ಲಿ ಸೀಳನ್ನು ಅಳೆದು ಬರೆದಿಟ್ಟುಕೊಳ್ಳಿ.

ಹಲಗೆಯ ಹಿಂಬದಿಗೆ ತಂತಿಯಂತೆ ತಾಮ್ರದ ಪಟ್ಟಿ ಸೇರಿಸುವುದು ನಮ್ಮ ಮುಂದಿನ ಕೆಲಸ. ಪಟ್ಟಿ ಗೈಡಿನ ಮೇಲಿನ ಮತ್ತು ಕೆಳಗಿನ ಗೋಡೆಗಳನ್ನು ಮುಟ್ಟಲೇಬೇಕು, ಇಲ್ಲವಾದರೆ ಅದು ಉದ್ದ ತಂತಿಯಂತೆ ವರ್ತಿಸುವುದಿಲ್ಲ. ಗೈಡಿನ ಒಳ ಎತ್ತರ 10.16 ಮಿಲಿಮೀಟರ್. ಹಲಗೆಯನ್ನು ಕೂದಲೆಳೆಯಷ್ಟು ಹೆಚ್ಚಿಗೆ ಕತ್ತರಿಸಿಕೊಂಡು, ಒಳಗೆ ಬಿಗಿಯಾಗಿ ಕೂರುವವರೆಗೆ ಮರಳು ಕಾಗದದಿಂದ ಉಜ್ಜುತ್ತಿದ್ದೇವೆ.