ಪದ ಪರಿಚಯ: ಜೂಲಿಯೆಟ್‌ಳ ಆಪ್ತ ಕಾರ್ಯದರ್ಶಿ

ಇಟಲಿಯ ವೆರೋನಾ ನಗರದಲ್ಲಿ ‘ಸೆಗ್ರೆತಾರಿಯಾ ದಿ ಜುಲಿಯೆತ್ತಾ’ ಎಂಬ ಮಾತೊಂದು ಬಳಕೆಯಲ್ಲಿದೆ. ಪದಕ್ಕೆ ಪದವಿಟ್ಟರೆ ‘ಜೂಲಿಯೆಟ್‌ಳ ಕಾರ್ಯದರ್ಶಿ’ ಎಂದಾಗುತ್ತದೆ. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ನಾಯಕಿಯ ಹೆಸರಿಗೆ ಲೋಕದ ನಾನಾ ಮೂಲೆಗಳಿಂದ ಬರುವ ಕಾಗದಗಳನ್ನು ಒಡೆದು ಓದಿ, ಅವುಗಳಿಗೆ ಕೈಬರಹದಲ್ಲಿ ಉತ್ತರ ಬರೆದು ಅಂಚೆಗೆ ಹಾಕುವವರಿಗೆ ಈ ಹೆಸರು. ಈ ಕೆಲಸ ಮಾಡುವವರು ಸಂಬಳಕ್ಕಿರುವ ನೌಕರರಲ್ಲ, ಸ್ವಂತ ಇಚ್ಛೆಯಿಂದ ಬಂದು ಕುಳಿತವರು. ಜೂಲಿಯೆಟ್‌ಗೆ ಕಾಗದ ಬರೆಯುವ ಪದ್ಧತಿಯ ಬಗ್ಗೆ ಅಲ್ಲಲ್ಲಿ ಓದಿದವರು ಬರೆಯುವವರ ವಿಚಾರವನ್ನೇ ಹೆಚ್ಚಾಗಿ ನೆನಪಿಟ್ಟುಕೊಂಡಿರುತ್ತಾರೆ. ಆದರೆ ಈ ಪದ್ಧತಿಯ ಅರ್ಥ ನಿಂತಿರುವುದು ಉತ್ತರ ಬರೆಯುವವರ ಮೇಲೆ ಎಂಬುದು ನನ್ನ ತಿಳಿವಳಿಕೆ. ಆದ್ದರಿಂದಲೇ ಇಲ್ಲಿ ಪರಿಚಯಕ್ಕೆ ಈ ಪದವನ್ನು ಆರಿಸಿಕೊಂಡಿದ್ದೇನೆ.

ಮೊದಲು ಪದದ ಬೇರನ್ನು ನೋಡಬೇಕು. ಇಟಾಲಿಯನ್ ಭಾಷೆಯ ‘ಸೆಗ್ರೆತಾರಿಯಾ’ ಮತ್ತು ನಮಗೆ ಬಳಕೆಯಲ್ಲಿರುವ ‘ಸೆಕ್ರೆಟರಿ’ ಎರಡೂ ಗುಟ್ಟು ಎಂಬ ಅರ್ಥದ ಒಂದೇ ಲ್ಯಾಟಿನ್ ಪದದಿಂದ ಹುಟ್ಟಿದವು. ಒಡೆಯನ ಗುಟ್ಟನ್ನು ತಿಳಿದಿದ್ದು ಅದನ್ನು ಹೊರಗೆ ಬಿಡದವನು ಎಂಬುದು ಆ ಪದದ ಮೊದಲ ಅರ್ಥ; ಕಡತ, ಸಭೆ, ನಡಾವಳಿಗಳೆಲ್ಲ ಆಮೇಲೆ ಬಂದು ಸೇರಿಕೊಂಡವು. ನಮ್ಮ ‘ಕಾರ್ಯದರ್ಶಿ’ಯಲ್ಲಿ ಈ ಗುಟ್ಟಿನ ಸುಳಿವು ಇಲ್ಲ; ಕಾರ್ಯವನ್ನು ನೋಡಿಕೊಳ್ಳುವವನು ಎಂಬಷ್ಟೇ ಅರ್ಥ ಅದಕ್ಕಿದೆ. ಸಹಕಾರ ಸಂಘಕ್ಕೂ ಕಾರ್ಯದರ್ಶಿ ಇರುತ್ತಾನೆ, ಊರಿನ ಯುವಕ ಮಂಡಲಕ್ಕೂ ಇರುತ್ತಾನೆ. ಆದರೆ ನಮ್ಮ ಆಡಳಿತ ಕನ್ನಡದಲ್ಲಿ ‘ಆಪ್ತ ಕಾರ್ಯದರ್ಶಿ’ ಎಂಬ ಇನ್ನೊಂದು ಮಾತಿದೆ. ಆ ‘ಆಪ್ತ’ ಎಂಬ ಎರಡಕ್ಷರ ಮೂಲ ಪದದ ಬಿಸುಪನ್ನು ಬಹುಮಟ್ಟಿಗೆ ಉಳಿಸಿಕೊಡುತ್ತದೆ. ಮನಸ್ಸಿನ ದುಗುಡವನ್ನು ಕೇಳಿಸಿಕೊಂಡು ದಾರಿ ತೋರುವ ಕೆಲಸವನ್ನೂ ನಾವು ‘ಆಪ್ತ ಸಮಾಲೋಚನೆ’ ಎಂದೇ ಕರೆಯುತ್ತೇವಲ್ಲ! ವೆರೋನಾದವರು ಮಾಡುವ ಕೆಲಸ ಈ ಎರಡರ ನಡುವಿನದು. ಆದುದರಿಂದ ಕನ್ನಡದಲ್ಲಿ ‘ಜೂಲಿಯೆಟ್‌ಳ ಆಪ್ತ ಕಾರ್ಯದರ್ಶಿ’ ಎನ್ನುವುದೇ ಹೆಚ್ಚು ಸರಿ.

ಜೂಲಿಯೆಟ್ ಬದುಕಿದ್ದ ಹೆಣ್ಣಲ್ಲ, ಕಥೆಯ ಪಾತ್ರ. ಇಟಲಿಯ ಲೂಯಿಜಿ ದಾ ಪೋರ್ತೋ ಎಂಬಾತ 16ನೇ ಶತಮಾನದ ಮೊದಲ ಭಾಗದಲ್ಲಿ ಬರೆದ ಕಥೆಯಲ್ಲಿ ಈ ಪ್ರೇಮಿಗಳಿಗೆ ರೋಮಿಯೋ, ಜುಲಿಯೆತ್ತಾ ಎಂಬ ಹೆಸರುಗಳೂ ವೆರೋನಾ ಎಂಬ ಊರೂ ದೊರೆತವು. ಇದಕ್ಕೂ ಹಿಂದೆ, 1476ರಲ್ಲಿ ಅಚ್ಚಾದ ಮಸೂಚ್ಚೋ ಸಾಲೆರ್ನಿತಾನೋನ ಕಥೆಯಲ್ಲಿ ಇಂಥದೇ ಜೋಡಿಯೊಂದು ಸಿಯೆನಾ ನಗರದಲ್ಲಿತ್ತು. ಬಂದೆಲ್ಲೋ ಎಂಬ ಇನ್ನೊಬ್ಬ ಕಥೆಗಾರನ ಕೈಯನ್ನೂ ಆರ್ಥರ್ ಬ್ರೂಕ್ ಎಂಬ ಇಂಗ್ಲಿಷ್ ಕವಿಯ 1562ರ ಕಾವ್ಯವನ್ನೂ ದಾಟಿ ಈ ಕಥೆ ಷೇಕ್ಸ್‌ಪಿಯರನಿಗೆ ಸಿಕ್ಕಿತು. ಅವನ ನಾಟಕ ಮೊದಲು ಅಚ್ಚಾದದ್ದು 1597ರಲ್ಲಿ. ಆ ನಾಟಕ ಲೋಕವನ್ನೆಲ್ಲ ಸುತ್ತಿತು. ಕನ್ನಡದಲ್ಲಿಯೂ 19ನೇ ಶತಮಾನ ಮುಗಿಯುವ ಮೊದಲೇ ಅದು ‘ರಾಮವರ್ಮ ಲೀಲಾವತಿ’ಯಾಗಿ ವೇಷ ಬದಲಿಸಿಕೊಂಡು ಬಂದಿತ್ತು.

ಕಥೆ ಹೆಸರಾದಂತೆ ವೆರೋನಾಕ್ಕೆ ಬಂದವರು ಜೂಲಿಯೆಟ್‌ಳ ಗುರುತುಗಳನ್ನು ಕೇಳತೊಡಗಿದರು. ಊರು ಅವರಿಗೆ ಒಂದು ಸಮಾಧಿಯನ್ನು ತೋರಿಸಿತು. ಸಾನ್ ಫ್ರಾನ್ಚೆಸ್ಕೋ ಅಲ್ ಕೋರ್ಸೋ ಎಂಬ ಹಳೆಯ ಸನ್ಯಾಸಿ ಮಠದ ಆವರಣದಲ್ಲಿರುವ ಅದು ಮುಚ್ಚಳವಿಲ್ಲದ, ಕೆಂಪು ಅಮೃತಶಿಲೆಯ, ಒಳಗೆ ಏನೂ ಇಲ್ಲದ ಒಂದು ಕಲ್ಲಿನ ತೊಟ್ಟಿ. ಕವಿ ಬೈರನ್ 1816ರಲ್ಲಿ ಅಲ್ಲಿಗೆ ಹೋದವನು ಅದರ ಕೆಲವು ಚೂರುಗಳನ್ನು ಮಗಳಿಗೂ ಸೋದರ ಸೊಸೆಯರಿಗೂ ಕೊಡಲೆಂದು ತೆಗೆದುಕೊಂಡು ಬಂದ. ಬಂದವರು ಕಲ್ಲಿನ ಚೂರನ್ನು ಒಯ್ಯುವುದಷ್ಟೇ ಅಲ್ಲದೆ ತಮ್ಮದೊಂದು ಗುರುತನ್ನು ಅಲ್ಲಿ ಬಿಟ್ಟು ಹೋಗುವ ರೂಢಿಯೂ ನಿಧಾನವಾಗಿ ಬೆಳೆಯಿತು. ಹೆಸರಿನ ಚೀಟಿ, ಎರಡು ಸಾಲಿನ ಟಿಪ್ಪಣಿ, ಆಮೇಲೆ ಪೂರ್ತಿ ಕಾಗದ.

ಇಷ್ಟೇ ಆಗಿದ್ದರೆ ಇದನ್ನು ಹರಕೆಯ ಬಗೆಯಲ್ಲಿ ಒಂದೆಂದು ಎಣಿಸಬಹುದಿತ್ತು. ನಮ್ಮಲ್ಲಿ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ಹುಂಡಿ ಎಣಿಸುವಾಗ ನೋಟು ನಾಣ್ಯಗಳ ನಡುವೆ ಭಕ್ತರ ಕಾಗದಗಳು ಸಿಗುವುದನ್ನು ಪತ್ರಿಕೆಗಳಲ್ಲಿ ಓದಿರುತ್ತೇವೆ. ಪರೀಕ್ಷೆಯಲ್ಲಿ ಪಾಸು ಮಾಡಿಸು ತಾಯಿ ಎಂಬುವರಿದ್ದಾರೆ, ಮೆಚ್ಚಿದವರನ್ನೇ ಮದುವೆಯಾಗುವಂತೆ ಮಾಡು ಎಂಬುವರೂ ಇದ್ದಾರೆ. ಆ ಕಾಗದಗಳಿಗೆ ಅಂಚೆಯಲ್ಲಿ ಉತ್ತರ ಬರಲಿ ಎಂದು ಬರೆದವರು ಕಾಯುವುದಿಲ್ಲ. ಅವರು ಕಾಯುವುದು ಅನುಗ್ರಹಕ್ಕೆ. ದೇವರಿಗೂ ಭಕ್ತರಿಗೂ ನಡುವಿನ ಆ ಮಾತಿನಲ್ಲಿ ಮೂರನೆಯವರಿಗೆ ಜಾಗವಿಲ್ಲ. ವೆರೋನಾದಲ್ಲಿ ನಡೆದ ವಿಶೇಷವೆಂದರೆ, ಆ ಮೂರನೆಯ ವ್ಯಕ್ತಿ ಹುಟ್ಟಿಕೊಂಡದ್ದು.

ಆ ವ್ಯಕ್ತಿಯ ಹೆಸರು ಎತ್ತೋರೆ ಸೋಲಿಮಾನಿ. 1930ರ ದಶಕದಲ್ಲಿ ಆತ ಸಮಾಧಿಯ ಕಾವಲುಗಾರನಾಗಿದ್ದ. ಜೂಲಿಯೆಟ್ ಕುರಿತ ಹಾಲಿವುಡ್ ಸಿನಿಮಾವೊಂದು 1936ರಲ್ಲಿ ತೆರೆಗೆ ಬಂದು ಹೆಸರು ಮಾಡಿದಾಗ, ನಗರದ ವಸ್ತುಸಂಗ್ರಹಾಲಯಗಳ ನಿರ್ದೇಶಕನಾಗಿದ್ದ ಅಂತೋನಿಯೋ ಅವೇನಾ ಆ ಕಲ್ಲಿನ ತೊಟ್ಟಿಯನ್ನು ಮಠದ ನೆಲಮಾಳಿಗೆಗೆ ಸಾಗಿಸಿ, ಕಮಾನುಗಳ ಕೆಳಗಿನ ಮಂದ ಬೆಳಕಿನಲ್ಲಿ ಇರಿಸಿದ. ಬರುವವರು ಹೆಚ್ಚಾದರು, ಬಿಟ್ಟು ಹೋಗುವ ಕಾಗದಗಳೂ ಹೆಚ್ಚಾದವು. ಸೋಲಿಮಾನಿ ತೋಟವನ್ನು ಚೊಕ್ಕಟವಾಗಿಟ್ಟಿದ್ದ. ಬಂದವರ ಹೆಗಲ ಮೇಲೆ ಹಾರಿ ಬಂದು ಕೂರುವಂತೆ ಪಾರಿವಾಳಗಳನ್ನು ಪಳಗಿಸಿದ್ದ ಎಂದೂ ಹೇಳುತ್ತಾರೆ. ಸಮಾಧಿಯ ಬಳಿಯ ಕಾಗದಗಳನ್ನು ಗುಡಿಸಿ ಹಾಕುವುದು ಕಾವಲುಗಾರನಾದವನಿಗೆ ಸಹಜವಾದ ಕೆಲಸವಾಗಿತ್ತು. ಆತ ಅವನ್ನು ಎತ್ತಿಕೊಂಡು ಓದಿ, ಉತ್ತರ ಬರೆಯತೊಡಗಿದ. ಕೆಳಗೆ ರುಜು ಹಾಕುವ ಜಾಗದಲ್ಲಿ ‘ಜೂಲಿಯೆಟ್‌ಳ ಕಾರ್ಯದರ್ಶಿ’ ಎಂದು ಬರೆದ.

ಈ ರುಜುವನ್ನು ಸ್ವಲ್ಪ ನಿಂತು ನೋಡಬೇಕು. ಅವನು ‘ನಿನ್ನ ಜೂಲಿಯೆಟ್’ ಎಂದು ಬರೆಯಬಹುದಿತ್ತು. ಬರೆದವರಿಗೆ ಅದು ಇನ್ನಷ್ಟು ಹಿತವಾಗುತ್ತಿತ್ತೋ ಏನೋ. ಆದರೆ ಅದು ಸುಳ್ಳಾಗುತ್ತಿತ್ತು. ನೊಂದು ಬರೆದವರಿಗೆ ಇಲ್ಲದವಳ ಹೆಸರಿನಲ್ಲಿ ಉಪದೇಶ ಮಾಡಿದಂತಾಗುತ್ತಿತ್ತು. ತನ್ನದೇ ಹೆಸರು ಬರೆದಿದ್ದರೆ, ಜೂಲಿಯೆಟ್‌ಗೆ ಬರೆದ ಕಾಗದವನ್ನು ಯಾರೋ ಅಪರಿಚಿತ ಗಂಡಸು ಒಡೆದು ಓದಿದ ಎಂಬ ಮುಜುಗರ ಉಳಿಯುತ್ತಿತ್ತು. ಕಾರ್ಯದರ್ಶಿ ಎಂಬ ಪದ ಈ ಎರಡು ಕಷ್ಟಗಳನ್ನೂ ಒಟ್ಟಿಗೆ ನಿವಾರಿಸಿತು. ನಿನ್ನ ಕಾಗದ ತಲುಪಬೇಕಾದ ಮನೆಗೇ ತಲುಪಿದೆ, ಆದರೆ ಉತ್ತರ ಬರೆಯುತ್ತಿರುವುದು ನಿನ್ನಂಥದೇ ಒಂದು ಜೀವ ಎಂಬುದನ್ನು ಆ ಪದ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇಂದಿಗೂ ಉತ್ತರಗಳು ಈ ರುಜುವಿನೊಂದಿಗೇ ಹೋಗುತ್ತವೆ. ಒಬ್ಬ ಕಾವಲುಗಾರ ತಾನಾಗಿಯೇ ಆರಿಸಿಕೊಂಡ ಈ ಪದದಲ್ಲಿರುವ ಸೂಕ್ಷ್ಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸೋಲಿಮಾನಿಯ ಕಾಲ ಮುಗಿದ ಮೇಲೆ ಕೆಲಸ ನಿಂತೂ ನಡೆದೂ ಸಾಗಿತು. 1980ರ ದಶಕದಲ್ಲಿ ಜೀನೋ ಬೆಲ್ತ್ರಾಮೀನಿ ಎಂಬ ಕವಿ ಸ್ವಲ್ಪ ಕಾಲ ಇದನ್ನು ನಡೆಸಿದ. 1972ರಲ್ಲಿ ಜೂಲಿಯೋ ತಮಾಸ್ಸಿಯಾ ಕಟ್ಟಿದ್ದ ‘ಕ್ಲಬ್ ದಿ ಜುಲಿಯೆತ್ತಾ’ ಎಂಬ ಗೆಳೆಯರ ಕೂಟ 1980ರ ದಶಕದ ಕೊನೆಯ ಹೊತ್ತಿಗೆ ಇದರ ಹೊಣೆಯನ್ನು ಪೂರ್ತಿಯಾಗಿ ವಹಿಸಿಕೊಂಡಿತು. ಆ ಕೂಟ 1993ರಿಂದ ‘ಕಾರಾ ಜುಲಿಯೆತ್ತಾ’, ಅಂದರೆ ‘ಪ್ರಿಯ ಜೂಲಿಯೆಟ್’, ಎಂಬ ಹೆಸರಿನಲ್ಲಿ ಮನಮುಟ್ಟುವ ಕಾಗದಗಳಿಗೆ ಬಹುಮಾನವನ್ನೂ ಕೊಡುತ್ತ ಬಂದಿದೆ. ಈ ಪದ್ಧತಿಯ ಮೇಲೆ 2006ರಲ್ಲಿ ಒಂದು ಪುಸ್ತಕವೂ 2010ರಲ್ಲಿ ಒಂದು ಹಾಲಿವುಡ್ ಸಿನಿಮಾವೂ ಬಂದು ಕಾಗದಗಳ ಹೊಳೆ ಇನ್ನಷ್ಟು ತುಂಬಿತು.

ಕಾಗದ ತಲುಪಲು ದೊಡ್ಡ ವಿಳಾಸವೇನೂ ಬೇಡ. ಲಕೋಟೆಯ ಮೇಲೆ ‘ಜೂಲಿಯೆಟ್, ವೆರೋನಾ, ಇಟಲಿ’ ಎಂದಿದ್ದರೆ ಸಾಕು, ಆ ಊರಿನ ಅಂಚೆಯವರು ಅದನ್ನು ಎಲ್ಲಿಗೆ ಮುಟ್ಟಿಸಬೇಕೆಂದು ಬಲ್ಲರು. ಬಂದ ಕಾಗದಗಳನ್ನು ಭಾಷೆಗೆ ತಕ್ಕಂತೆ ಬೇರೆ ಮಾಡುತ್ತಾರೆ. ಆ ಭಾಷೆ ಬಲ್ಲವರು ಅದನ್ನು ಎತ್ತಿಕೊಂಡು ಅದೇ ಭಾಷೆಯಲ್ಲಿ ಉತ್ತರ ಬರೆಯುತ್ತಾರೆ. ಬೇರೆ ದೇಶಗಳಿಂದ ಬಂದವರು ಸ್ವಲ್ಪ ಸಮಯ ಅಲ್ಲಿ ಕುಳಿತು ಆಪ್ತ ಕಾರ್ಯದರ್ಶಿಗಳಾಗಿ ದುಡಿದು ಹೋಗುವುದೂ ಉಂಟು. ವರ್ಷಕ್ಕೆ ಸಾವಿರಾರು ಕಾಗದಗಳು ಬರುವ ಜಾಗದಲ್ಲಿ ಅಚ್ಚು ಹಾಕಿದ ಒಂದೇ ಉತ್ತರವನ್ನು ಎಲ್ಲರಿಗೂ ಕಳಿಸಿದ್ದರೆ ಕೆಲಸ ಎಷ್ಟೋ ಹಗುರಾಗುತ್ತಿತ್ತು. ಹಾಗೆ ಮಾಡದೆ ಆಯಾ ಕಾಗದವನ್ನು ಓದಿ ಆಯಾ ಕಷ್ಟಕ್ಕೆ ತಕ್ಕ ಮಾತನ್ನು ಬರೆಯುವುದೇ ಇವರ ಪಟ್ಟು. ಮೊದಲ ಪ್ರೀತಿಯ ಹುಡುಗಿಯರಷ್ಟೇ ಬರೆಯುತ್ತಾರೆ ಎಂದುಕೊಳ್ಳಬಾರದು. ಮುರಿದ ಮದುವೆಯ ಬಗ್ಗೆ ಬರೆಯುವವರಿದ್ದಾರೆ, ಸೆರೆಮನೆಯಿಂದ ಬರೆಯುವವರಿದ್ದಾರೆ, ಸಂಗಾತಿಯನ್ನು ಕಳೆದುಕೊಂಡು ಸುಮ್ಮನೆ ಒಬ್ಬರಿಗೆ ಹೇಳಿಕೊಳ್ಳಬೇಕೆಂದು ಬರೆಯುವ ವಯಸ್ಸಾದವರೂ ಇದ್ದಾರೆ. ಕಾಗದಗಳನ್ನು ಬಿಸಾಡದೆ ಪೆಟ್ಟಿಗೆಗಳಲ್ಲಿ ಜೋಡಿಸಿ ಕಾಪಿಡುತ್ತಾರೆ. ಗುಟ್ಟು ಕಾಯುವವನು ಎಂಬ ಪದದ ಹಳೆಯ ಅರ್ಥ ಈ ಪೆಟ್ಟಿಗೆಗಳಲ್ಲಿ ಇನ್ನೂ ಜೀವಂತವಾಗಿದೆ.

ಈ ಪದ್ಧತಿಯ ಜೊತೆಗೆ ಗೊಂದಲವಾಗುವ ಇನ್ನೊಂದು ಜಾಗವಿದೆ. ವೆರೋನಾದ ಕಪ್ಪೆಲ್ಲೋ ಬೀದಿಯ 23ನೇ ಸಂಖ್ಯೆಯ ಕಟ್ಟಡವನ್ನು ‘ಜೂಲಿಯೆಟ್‌ಳ ಮನೆ’ ಎನ್ನುತ್ತಾರೆ. ಇಟಾಲಿಯನ್ನಿನಲ್ಲಿ ‘ಕಪ್ಪೆಲ್ಲೋ’ ಎಂದರೆ ಟೋಪಿ. ಅಲ್ಲಿದ್ದ ದಾಲ್ ಕಪ್ಪೆಲ್ಲೋ ಮನೆತನದ ಗುರುತಾಗಿ ಕಲ್ಲಿನಲ್ಲಿ ಕೆತ್ತಿದ ಟೋಪಿಯೊಂದು ಈಗಲೂ ಕಾಣುತ್ತದೆ. ಆ ಹೆಸರು ಜೂಲಿಯೆಟ್‌ಳ ಮನೆತನವಾದ ಕಪ್ಪೆಲ್ಲೆತ್ತಿಗೆ ಹತ್ತಿರವಿದ್ದುದರಿಂದ ಕಥೆ ಈ ಮನೆಗೆ ಅಂಟಿಕೊಂಡಿತು. ಜನ ಕತ್ತೆತ್ತಿ ನೋಡುವ ಬಾಲ್ಕನಿಯನ್ನು ಅವೇನಾನ ಕಾಲದಲ್ಲಿ ಹಳೆಯ ಕಲ್ಲುಗಳಿಂದ ಜೋಡಿಸಿದ್ದು. ನಾಟಕದ ಪಠ್ಯದಲ್ಲಿ ‘ಬಾಲ್ಕನಿ’ ಎಂಬ ಪದವೇ ಇಲ್ಲ, ಇರುವುದು ಕಿಟಕಿ. ಈ ಮನೆಯ ಅಂಗಳದ ಗೋಡೆಗೆ ಪ್ರವಾಸಿಗರು ಚೂಯಿಂಗ್ ಗಮ್‌ನಿಂದ ಚೀಟಿ ಅಂಟಿಸುವುದು ಎಷ್ಟು ಹೆಚ್ಚಿತೆಂದರೆ, 2012ರಲ್ಲಿ ನಗರಾಡಳಿತ ಅದನ್ನು ನಿಷೇಧಿಸಿ 500 ಯೂರೋವರೆಗೆ ದಂಡ ಗೊತ್ತುಮಾಡಬೇಕಾಯಿತು. ಅಂಗಳದ ಕಂಚಿನ ಜೂಲಿಯೆಟ್ ವಿಗ್ರಹವೂ ಮುಟ್ಟಿ ಮುಟ್ಟಿ ಸವೆದು ಬಿರುಕುಬಿಟ್ಟು, 2014ರಲ್ಲಿ ಅದರ ಜಾಗಕ್ಕೆ ಪ್ರತಿಕೃತಿ ಬಂದಿತು. ಗೋಡೆಗೆ ಅಂಟಿಸುವುದನ್ನು ‘ಜೂಲಿಯೆಟ್‌ಗೆ ಕಾಗದ’ ಎಂಬ ಪದ್ಧತಿಯಲ್ಲಿ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ಬಂದು ಹೋದ ಗುರುತು. ಉತ್ತರ ಬೇಕೆಂದು ಬರೆದದ್ದು ಬೇರೆಯದೇ.

ಕಥೆಯ ಪಾತ್ರಕ್ಕೆ ಬಂದ ಕಾಗದಕ್ಕೆ ಉತ್ತರ ಕೊಡುವುದು ವೆರೋನಾದಲ್ಲಿ ಮಾತ್ರ ನಡೆದದ್ದಲ್ಲ. ಲಂಡನ್ನಿನ ಬೇಕರ್ ಸ್ಟ್ರೀಟ್‌ನಲ್ಲಿ ಷರ್ಲಾಕ್ ಹೋಮ್ಸ್‌ನ ವಿಳಾಸಕ್ಕೆ ಬರುತ್ತಿದ್ದ ಪತ್ರಗಳಿಗೆ, ಆ ಜಾಗದಲ್ಲಿದ್ದ ಹಣಕಾಸು ಸಂಸ್ಥೆ ಉತ್ತರ ಬರೆಯಲೆಂದೇ ಒಬ್ಬ ಕಾರ್ಯದರ್ಶಿಯನ್ನು ಇಟ್ಟುಕೊಂಡಿತ್ತು. ಆದರೆ ಹೋಮ್ಸ್ ಗುಟ್ಟು ಬಿಡಿಸುವ ಜಾಣ. ಅವನಿಗೆ ಬರೆಯುವವರಿಗೆ ಅವನ ಜಾಣತನ ಬೇಕು. ಜೂಲಿಯೆಟ್‌ಳಿಂದ ಜನ ಬಯಸುವುದೇನು? ನಾಟಕದ ಪ್ರಕಾರ ಆಕೆಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಭಾನುವಾರದ ಔತಣದಲ್ಲಿ ಮೊದಲ ನೋಟ, ಸೋಮವಾರ ಗುಟ್ಟಿನ ಮದುವೆ, ಆ ವಾರ ಮುಗಿಯುವುದರೊಳಗೆ ಸಾವು. ಮೂವತ್ತು ವರ್ಷದ ಸಂಸಾರದ ಕಷ್ಟವನ್ನು ಈ ಹುಡುಗಿಯ ಮುಂದೆ ಇಡುವವರು ಅನುಭವದ ಮಾತನ್ನು ಬಯಸಿರಲಾರರು. ತಾಯಿತಂದೆ ಅವಳ ಮಾತು ಕೇಳಲಿಲ್ಲ, ಸಾಕಿದ ದಾದಿಯೂ ಕೊನೆಗೆ ಅವಳ ಪಕ್ಷ ಬಿಟ್ಟಳು. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ ಸ್ಥಿತಿ ಏನೆಂದು ಅವಳು ಬಲ್ಲಳು. ಅವಳಿಗೆ ಬರೆಯುವವರೂ ಬಹುಪಾಲು ಅದೇ ಸ್ಥಿತಿಯಲ್ಲಿರುವವರು ಎಂದು ನನಗೆ ತೋರುತ್ತದೆ.

ನಾಟಕದೊಳಗೂ ಒಂದು ಕಾಗದವಿದೆ. ಜೂಲಿಯೆಟ್ ಸತ್ತಿಲ್ಲ, ಮದ್ದಿನ ನಿದ್ದೆಯಲ್ಲಿದ್ದಾಳೆ ಎಂದು ರೋಮಿಯೋಗೆ ತಿಳಿಸಲು ಸನ್ಯಾಸಿ ಲಾರೆನ್ಸ್ ಬರೆದ ಕಾಗದ ಅದು. ಅದನ್ನು ಮಾಂತುವಾ ನಗರಕ್ಕೆ ಒಯ್ಯಬೇಕಿದ್ದ ಸನ್ಯಾಸಿ ಜಾನ್ ಇದ್ದ ಮನೆಗೆ ಸಾಂಕ್ರಾಮಿಕ ರೋಗದ ಶಂಕೆಯಿಂದ ಅಧಿಕಾರಿಗಳು ಬಾಗಿಲು ಜಡಿದರು. ಅವನು ಊರು ಬಿಡಲಾಗದೆ ಕಾಗದವನ್ನು ಬರೆದವನ ಕೈಗೇ ತಂದೊಪ್ಪಿಸಿದ. ಅಷ್ಟರಲ್ಲಿ ಹೊತ್ತು ಮೀರಿತ್ತು.

ಕಾಗದಕ್ಕೆ ‘ಇಂದ’ ಮತ್ತು ‘ಇವರಿಗೆ’ ಎಂಬ ಎರಡು ಸಾಲು ಇರಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ವೆರೋನಾಕ್ಕೆ ಬರೆಯುವವರಿಗೆ ಎರಡನೆಯ ಸಾಲು ಬಹಳ ಸುಲಭ, ಒಂದು ಹೆಸರು ಸಾಕು. ಆದರೆ ಅಳುಕಿನಿಂದಲೋ ಮರೆವಿನಿಂದಲೋ ಮೊದಲನೆಯ ಸಾಲನ್ನು ಬಿಟ್ಟು ಬರೆದ ಕಾಗದಗಳ ಮುಂದೆ ಆಪ್ತ ಕಾರ್ಯದರ್ಶಿಯ ಪೆನ್ನು ನಿಲ್ಲುತ್ತದೆ. ಓದಿ, ಮಡಚಿ, ಉಳಿದವುಗಳ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಇಡುತ್ತಾರೆ.