ಕೋಡಿ ಬೀಳುವ ಜಾಗದ ಗಣಿತ

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ಚಿತ್ರದುರ್ಗ ಜಿಲ್ಲೆಯ ಜನ ಜಾತ್ರೆಗೆ ಹೊರಟಂತೆ ಮಾರಿಕಣಿವೆಗೆ ಹೊರಟರು. ನಾನೂ ಹೋಗಿದ್ದೆ. ಆ ನೀರನ್ನು ನೋಡುತ್ತಾ ನಿಂತಾಗ ನನಗೆ ನೆನಪಾದದ್ದು ಗಣಿತದ ಒಂದು ಪ್ರಮೇಯ, 'ಮೌಂಟನ್ ಪಾಸ್' ಪ್ರಮೇಯ.

ತುಂಬಿದ ಕೆರೆಯಿಂದ ಹೊರಬೀಳಲು ಯಾವ ದಾರಿ ಹಿಡಿದರೂ ಒಂದು ಏರು ಹತ್ತಿ ಇಳಿಯಬೇಕು. ಯಾವ ದಾರಿಯ ಏರು ಎಲ್ಲಕ್ಕಿಂತ ತಗ್ಗೋ ಅಲ್ಲಿ ಕೋಡಿ ಬೀಳುತ್ತದೆ. ನೀರು ಹರಿಯುವ ದಿಕ್ಕಿನಲ್ಲಿ ಅದು ನೆತ್ತಿ, ಎಡಬಲದ ಗುಡ್ಡಗಳ ಕಡೆಯಿಂದ ನೋಡಿದರೆ ಅದೇ ತಗ್ಗು. ಹಾಗಾಗಿ ಆ ಬಿಂದುವಿನಲ್ಲಿ ಇಳಿಜಾರು ಸೊನ್ನೆ. 1973ರಲ್ಲಿ ಗಣಿತಜ್ಞರಾದ ಅಂಬ್ರೊಸೆಟ್ಟಿ ಮತ್ತು ರಾಬಿನೋವಿಟ್ಸ್ ಈ ತರ್ಕವನ್ನು ಅನಂತ ಆಯಾಮಗಳಿಗೆ ಒಯ್ದರು. ಒಂದು ಸಮೀಕರಣದ ಪ್ರತಿಯೊಂದು ಸಂಭಾವ್ಯ ಸ್ಥಿತಿಗೂ ಒಂದು 'ಎತ್ತರ' ಕೊಟ್ಟರೆ, ಇಳಿಜಾರು ಸೊನ್ನೆಯಾದಲ್ಲೆಲ್ಲ ಒಂದು ಪರಿಹಾರವಿದೆ.

ವಿಸರಣೆಗೆ, ಅಂದರೆ ಬಿಸಿಯಂಥದ್ದು ತಾನಾಗಿ ಹರಡುವ ಕ್ರಿಯೆಯ ಸಮೀಕರಣಗಳಿಗೆ, ಮಾತ್ರ ಇದು ಸುಲಭವಾಗಿ ಒಗ್ಗುವುದಿಲ್ಲ. ಮೇಲ್ಮಣ್ಣಿನ ಬಿಸಿ ಆಳಕ್ಕೆ ಹರಡುತ್ತದೆ, ತಾನಾಗಿ ಮರಳಿ ಒಂದೆಡೆ ಸೇರುವುದಿಲ್ಲ. ಕಾಲಕ್ಕೆ ಹೀಗೆ ದಿಕ್ಕಿರುವಾಗ ಎತ್ತರದ ಲೆಕ್ಕ ಕೂಡುವುದಿಲ್ಲ. ಗಣಿತಜ್ಞರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ: ಮುಂದಕ್ಕೆ ಹರಿಯುವ ಸಮೀಕರಣಕ್ಕೆ ಕಾಲದಲ್ಲಿ ಹಿಂದಕ್ಕೆ ಹರಿಯುವ ಇನ್ನೊಂದನ್ನು ಜೋಡಿ ಮಾಡುವುದು. ಎರಡೂ ಸೇರಿದಾಗ ಎತ್ತರ ಸಿಗುತ್ತದೆ. ಆದರೆ ಆ ನೆಲ ಅನಂತ ದಿಕ್ಕುಗಳಲ್ಲಿ ಏರುತ್ತದೆ, ಅನಂತ ದಿಕ್ಕುಗಳಲ್ಲಿ ಇಳಿಯುತ್ತದೆ. ನಮ್ಮ ಕೋಡಿಯ ತರ್ಕ ಅಲ್ಲಿ ಸಾಲದು, ಅದಕ್ಕಿಂತ ಬಿಗಿಯಾದ ಹೆಣಿಗೆ ಬೇಕು.

ಇನ್ನು ಆವರ್ತನ, ಅಂದರೆ ಸಮೀಕರಣದಲ್ಲಿ ಒಂದೇ ವಿನ್ಯಾಸ ಸಮ ಅಂತರದಲ್ಲಿ ಮತ್ತೆ ಮತ್ತೆ ಬರುವುದು. ಚಳ್ಳಕೆರೆಯ ಕಡೆಯ ಶೇಂಗಾ ಹೊಲವನ್ನು ನೆನೆಯಿರಿ. ಒಂದೇ ಅಳತೆಯ ಸಾಲುಗಳು ಎರಡೂ ಕಡೆಗೆ ಕೊನೆಯಿಲ್ಲದೆ ಹೋಗಿವೆ ಎಂದುಕೊಳ್ಳಿ. ಒಂದು ಸಾಲಿನ ಸುತ್ತ ಕೂಡಿಬರುವ ಪರಿಹಾರವನ್ನು ಪಕ್ಕದ ಸಾಲಿಗೆ ಸರಿಸಿದರೆ ಅದೂ ಪರಿಹಾರವೇ. ಹಾಗೆಂದು ಅದನ್ನು ಎರಡನೆಯದೆಂದು ಎಣಿಸುವಂತಿಲ್ಲ, ಅದು ಮೊದಲಿನದರ ನಕಲು. ಇಲ್ಲಿ ಅಪಾಯವೂ ಇದೆ. ಪರಿಹಾರವನ್ನು ಹುಡುಕುತ್ತಾ ಅದಕ್ಕೆ ಹತ್ತಿರವಾಗುವ ಸ್ಥಿತಿಗಳು ಸಾಲಿನಿಂದ ಸಾಲಿಗೆ ಜಾರಿ ಕಣ್ಮರೆಯಾಗಬಹುದು. ಆಗ ಪ್ರತಿಯೊಂದನ್ನೂ ಎಷ್ಟು ಸಾಲು ಜಾರಿದೆಯೋ ಅಷ್ಟೇ ಸಾಲು ಹಿಂದಕ್ಕೆ ಎಳೆದು ತರುತ್ತಾರೆ. ಹೊಲ ಎಲ್ಲೆಡೆ ಒಂದೇ ಆದ್ದರಿಂದ ಎಳೆದದ್ದರಿಂದ ಎತ್ತರ ಬದಲಾಗುವುದಿಲ್ಲ.

ಸೂಕ್ತ ಷರತ್ತುಗಳ ಜೊತೆಗೆ, ಪರಿಹಾರದ ಚಿಹ್ನೆ ತಿರುಗಿಸಿದರೂ ಎತ್ತರ ಅದೇ ಉಳಿಯುವಂತಿದ್ದರೆ, ನಕಲುಗಳನ್ನೆಲ್ಲ ಬಿಟ್ಟು ಎಣಿಸಿದರೂ ಬೇರೆ ಬೇರೆ ಪರಿಹಾರಗಳು ಅನಂತವಾಗಿವೆ ಎಂದು ಸಾಧಿಸಬಹುದು. ಅವುಗಳಲ್ಲಿ ಒಂದನ್ನೂ ಬರೆದು ತೋರಿಸದೆಯೇ!